ಸೀಮೆಸುಣ್ಣದ ಅಡುಗೆಮನೆ

ಮೈಸೂರಿನ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಲೇತ್ ಮೆಷಿನ್ನಿನ ಮುಂದೆ ನಿಂತು ಆಯುಷ್ಯದ ಬಹುಪಾಲು ಕಳೆದ ಸಿದ್ದರಾಜುವಿಗೆ ಸೊಂಟನೋವು ಶುರುವಾದದ್ದು ನಿವೃತ್ತನಾದ ಮೇಲೆ. ಅದು ಡಾಕ್ಟರಿಗೂ ಸೋಜಿಗವಾಗಿ ಕಂಡಿತು. ನಿಂತು ದುಡಿಯುವಾಗ ಬಾರದ ನೋವು ಕೂತು ಉಣ್ಣುವ ಕಾಲಕ್ಕೆ ಯಾಕೆ ಬಂತು ಎಂದು ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು. ಮೂಳೆಗಳೆಲ್ಲ ಇರಬೇಕಾದ ಕಡೆಯೇ ಇದ್ದವು. ದಿನಾ ಬಗ್ಗಿ ಮಾಡುವ ಕೆಲಸ ಏನಾದರೂ ಇದೆಯಾ ಎಂದು ಕೇಳಿದರು. ಅಂಥದ್ದೇನೂ ಇಲ್ಲ, ಪೇಪರು ಓದುತ್ತೇನೆ, ಟೀವಿ ನೋಡುತ್ತೇನೆ ಎಂದ ಸಿದ್ದರಾಜು. ಪಕ್ಕದ ಕುರ್ಚಿಯಲ್ಲಿದ್ದ ಅವನ ಹೆಂಡತಿ ದೇವಿರಮ್ಮ ಗೋಡೆಗೆ ತೂಗುಹಾಕಿದ್ದ ಬೆನ್ನುಮೂಳೆಯ ಚಿತ್ರವನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದಳು. ನಗು ತಡೆದುಕೊಳ್ಳಬೇಕಾದಾಗ ಅವಳು ಹೀಗೆ ಏನನ್ನಾದರೂ ಶ್ರದ್ಧೆಯಿಂದ ನೋಡುವುದು ವಾಡಿಕೆ.

ನಿಜ ಏನೆಂದರೆ, ಆ ಮನೆಯ ಅಡುಗೆ ಸಿದ್ದರಾಜುವಿನದು. ಮದುವೆಯಾದ ಹೊಸದರಲ್ಲಿ ದೇವಿರಮ್ಮನಿಗೆ ಹುಣಸೂರಿನಾಚೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತ್ತು. ನಸುಕಿನಲ್ಲಿ ಬಸ್ಸು ಹತ್ತಿದರೆ ಅವಳು ಮನೆ ಸೇರುವಾಗ ಬೀದಿದೀಪ ಹತ್ತಿರುತ್ತಿತ್ತು. ಸಿದ್ದರಾಜು ಮೊದಲ ಪಾಳಿ ಮುಗಿಸಿ ಮಧ್ಯಾಹ್ನವೇ ಬಂದುಬಿಡುತ್ತಿದ್ದ. ಬಂದವನಿಗೆ ಹಸಿವು. ಹೋಟೆಲಿನ ಅನ್ನ ಕೆಲವು ದಿನ ಉಂಡು, ಬೇಸತ್ತು, ಒಂದು ದಿನ ತಾನೇ ಸ್ಟೋವ್ ಹಚ್ಚಿದ. ಊರಿನಲ್ಲಿ ಕಡೆಯ ಮಗನಾಗಿ ಅವ್ವನ ಒಲೆಯ ಪಕ್ಕದಲ್ಲೇ ಕೂತು ಬೆಳೆದವನು. ಯಾರೂ ಕಲಿಸಿರಲಿಲ್ಲ, ಆದರೂ ಕೈ ತಾನಾಗಿ ಡಬ್ಬಿಯಿಂದ ಡಬ್ಬಿಗೆ ಹೋಯಿತು. ಮುಂದೆ ದೇವಿರಮ್ಮನಿಗೆ ಮೈಸೂರಿಗೇ ವರ್ಗವಾಯಿತು. ಅಷ್ಟರಲ್ಲಿ ಅಡುಗೆಮನೆಯನ್ನು ಬಿಟ್ಟುಕೊಡುವ ಮನಸ್ಸು ಅವನಿಗಿರಲಿಲ್ಲ, ಕೇಳುವ ಮನಸ್ಸು ಅವಳಿಗೂ ಇರಲಿಲ್ಲ.

ಇದನ್ನು ಹೊರಗೆ ಹೇಳಲಿಲ್ಲ ಅಷ್ಟೆ. ಹೇಳದೆ ಇದ್ದದ್ದು ಅವ್ವನಿಗೆ ಹೆದರಿ. ಊರಿಂದ ಅವ್ವ ಬಂದು ಇರುತ್ತಿದ್ದ ದಿನಗಳಲ್ಲಿ, ಮಗ ಸೌಟು ಹಿಡಿದದ್ದು ಕಂಡರೆ ಸೊಸೆಯನ್ನು ಏನೆನ್ನುವಳೋ ಎಂದು ಅವನು ಅವ್ವ ಏಳುವ ಮುಂಚೆಯೇ ಎಲ್ಲ ಮಾಡಿ ಮುಚ್ಚಿಟ್ಟು, ದೇವಿ ಮಾಡಿಟ್ಟು ಸ್ಕೂಲಿಗೆ ಹೋದಳು ಎನ್ನುತ್ತಿದ್ದ. ಅವ್ವ ತೀರಿಕೊಂಡು ಬಹಳ ಕಾಲವಾಯಿತು. ಆದರೆ ಆ ಸುಳ್ಳು ಮನೆಯಲ್ಲೇ ಉಳಿದುಕೊಂಡಿತು. ಈಗ ಅದು ಮುಖ್ಯವಾಗಿ ಅಕ್ಕ ಮಂಜುಳಮ್ಮನ ಸಲುವಾಗಿ ನಡೆಯುತ್ತಿತ್ತು. ಲಷ್ಕರ್ ಮೊಹಲ್ಲಾದಲ್ಲಿ ಗಂಡನ ಪಾತ್ರೆ ಅಂಗಡಿಯ ಮೇಲೆಯೇ ಮನೆ ಮಾಡಿಕೊಂಡಿದ್ದ ಮಂಜುಳಮ್ಮ ಆಗಾಗ ಬಂದು ಉಂಡು, ತಮ್ಮನ ಹೆಂಡತಿಯ ಕೈಗುಣವನ್ನು ಬೀದಿಗೆಲ್ಲ ಕೇಳುವಂತೆ ಹೊಗಳಿ ಹೋಗುತ್ತಿದ್ದಳು. ದೇವಿರಮ್ಮ ಆ ಹೊಗಳಿಕೆಯನ್ನು ಬೇರೆಯವರ ಮನೆಗೆ ಬಂದ ಪಾರ್ಸಲ್ಲನ್ನು ಸಹಿ ಮಾಡಿ ಇಟ್ಟುಕೊಳ್ಳುವವಳಂತೆ ಸ್ವೀಕರಿಸುತ್ತಿದ್ದಳು.

ಹೊಸ ಅಡುಗೆಮನೆಯ ಮಾತು ತೆಗೆದವಳೂ ದೇವಿರಮ್ಮನೇ. ಡಾಕ್ಟರ ಹತ್ತಿರ ಹೋಗಿ ಬಂದ ಮಾರನೆಯ ಬೆಳಿಗ್ಗೆ ಅವಳು ಸ್ಕೂಲಿಗೆ ಹೊರಡುವ ಮುಂಚೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಡನನ್ನು ನೋಡಿದಳು. ಸಿದ್ದರಾಜು ಉದ್ದನೆಯ ಆಳು. ಮನೆಯ ಪ್ರತಿಯೊಂದು ಬಾಗಿಲಿಗೂ ತಲೆ ತಗ್ಗಿಸುವವನು. ಕಡಪ ಕಲ್ಲಿನ ಅಡುಗೆ ಕಟ್ಟೆ ಅವನ ತೊಡೆಯ ಹತ್ತಿರವೇ ಮುಗಿದುಹೋಗುತ್ತಿತ್ತು. ಅದರ ಮೇಲೆ ಬಾಗಿ ಹುರುಳಿಕಾಯಿ ಹೆಚ್ಚುತ್ತಿದ್ದವನು ಅರ್ಧ ಮಡಿಚಿದ ಕುರ್ಚಿಯಂತೆ ಕಂಡ. ಒಲೆ ಕಿಟಕಿಯ ಕೆಳಗಿತ್ತು, ಗಾಳಿ ಬಂದರೆ ಉರಿ ಓಲಾಡುತ್ತಿತ್ತು. ಮಸಾಲೆಯ ಡಬ್ಬಿಗಳು ಎದುರುಗೋಡೆಯ ಗೂಡಿನಲ್ಲಿದ್ದವು. ಮಿಕ್ಸಿ ಹಾಕಬೇಕಾದರೆ ಒಲೆಯ ಮೇಲೆ ಕೈ ಚಾಚಿ ಸ್ವಿಚ್ಚು ಒತ್ತಬೇಕಿತ್ತು. ಫ್ರಿಜ್ಜಿಗೆ ಒಳಗೆ ಜಾಗವಿಲ್ಲದೆ ಅದು ಹಾಲಿನಲ್ಲಿ ಟೀವಿಯ ಪಕ್ಕ ನಿಂತಿತ್ತು. ಇದನ್ನೆಲ್ಲ ಒಡೆಸಿ ಬೇರೆ ಮಾಡಿಸೋಣ ಎಂದಳು ದೇವಿರಮ್ಮ. ಅವಳ ಹಳೆಯ ವಿದ್ಯಾರ್ಥಿನಿ ಶಾಲಿನಿ ಜಯಲಕ್ಷ್ಮಿಪುರಂನಲ್ಲಿ ಪುಟ್ಟ ಆಫೀಸು ಇಟ್ಟುಕೊಂಡು ಅಡುಗೆಮನೆಗಳನ್ನೇ ವಿನ್ಯಾಸ ಮಾಡುತ್ತಿದ್ದಳು. ಅವಳಿಗೆ ಅಂದೇ ಫೋನು ಹೋಯಿತು.

ಶಾಲಿನಿ ಬಂದ ದಿನ ಮಂಜುಳಮ್ಮನೂ ಬಂದಳು. ಒಲೆ ಆಗ್ನೇಯ ಮೂಲೆಯಲ್ಲಿ ಇರಬೇಕು, ಬೇಯಿಸುವವರ ಮುಖ ಪೂರ್ವಕ್ಕಿರಬೇಕು, ಇದನ್ನು ಹೇಳಲು ತಾನಿಲ್ಲದಿದ್ದರೆ ಇವರು ಎಲ್ಲಾದರೂ ಇಟ್ಟುಬಿಟ್ಟಾರು ಎಂಬ ಆತಂಕದಲ್ಲಿ ಆಟೋ ಹಿಡಿದು ಬಂದಿದ್ದಳು. ಶಾಲಿನಿ ಗೋಡೆಗಳ ಅಳತೆ ತೆಗೆದುಕೊಂಡು, ಕಾಫಿ ಕುಡಿದು, ಟ್ಯಾಬು ತೆರೆದು ಕೂತಳು. ರವಿಕೆಗೆ ಅಳತೆ ಕೊಟ್ಟ ಹಾಗೆ ಅಡುಗೆಮನೆಗೂ ಮೈ ಅಳತೆ ಕೊಡಬೇಕಾಗುತ್ತದೆ, ಅದಕ್ಕೇ ತಾನು ಎಲ್ಲರ ಮನೆಯಲ್ಲೂ ಮೊದಲು ಕೇಳುವುದು ಒಂದೇ ಪ್ರಶ್ನೆ ಎಂದಳು.

“ಮನೇಲಿ ಅಡುಗೆ ಯಾರು ಮಾಡೋದು?”

“ಇನ್ಯಾರು ಮಾಡ್ತಾರೆ ಕಣವ್ವ, ನಮ್ ದೇವಿರಮ್ಮನೇ,” ಎಂದಳು ಮಂಜುಳಮ್ಮ. “ಇವಳ ಕೈ ಬಸ್ಸಾರು ಒಂದ್ಸಲ ಉಂಡ್ ನೋಡು. ನಮ್ಮವ್ವನೇ ಎದ್ದ್ ಬಂದು ಬಡಿಸ್ದಂಗೆ ಆಯ್ತದೆ.”

ಶಾಲಿನಿ ದೇವಿರಮ್ಮನ ಕಡೆ ನೋಡಿದಳು. ದೇವಿರಮ್ಮ ಗಂಡನ ಕಡೆ ನೋಡಿದಳು. ಬೋರ್ಡಿನ ಮುಂದೆ ನಿಲ್ಲಿಸಿದ ಹುಡುಗ ಉತ್ತರ ಬರೆಯಲಿ ಎಂದು ಕಾಯುವ ನೋಟ ಅದು. ಅವಸರವಿಲ್ಲ, ಬಿಡುವುದೂ ಇಲ್ಲ. ಸಿದ್ದರಾಜು ಅಕ್ಕನ ಮುಖ ನೋಡಿದ. ಇಷ್ಟು ವರ್ಷದ ಮೇಲೆ ಈಗ ಹೇಳುವುದೆಂದರೆ ಎಲ್ಲಿಂದ ಶುರು ಮಾಡುವುದು ಎಂದು ತಿಳಿಯಲಿಲ್ಲ.

“ಹೂಂ, ಅವಳೇ,” ಎಂದುಬಿಟ್ಟ.

ಶಾಲಿನಿ ಟೇಪು ಹಿಡಿದು ಎದ್ದಳು. ನೆಟ್ಟಗೆ ನಿಂತು ಕೈ ಮಡಿಚಿದಾಗ ಮೊಣಕೈ ಎಲ್ಲಿಗೆ ಬರುತ್ತದೋ ಅದಕ್ಕಿಂತ ಸ್ವಲ್ಪ ಕೆಳಗೆ ಕಟ್ಟೆ ಇರಬೇಕು, ಆಗ ಸೊಂಟವೂ ಬಗ್ಗುವುದಿಲ್ಲ, ಭುಜವೂ ಏಳುವುದಿಲ್ಲ ಎಂದು ವಿವರಿಸುತ್ತ ದೇವಿರಮ್ಮನನ್ನು ಗೋಡೆಗೆ ನಿಲ್ಲಿಸಿ ಅಳೆದಳು. ದೇವಿರಮ್ಮ ಕುಳ್ಳಿ. ಬೋರ್ಡಿನ ಮೇಲಂಚಿಗೆ ಕೈ ಎಟುಕದೆ ಕುರ್ಚಿಯ ಮೇಲೆ ಹತ್ತಿ ಪ್ರಮೇಯ ಬರೆಯುತ್ತಿದ್ದವಳು. ಹಾಗಾಗಿ ಹೊಸ ಕಟ್ಟೆ ಹಳೆಯ ಕಟ್ಟೆಗಿಂತಲೂ ನಾಲ್ಕು ಬೆರಳು ಕೆಳಗೆ ಬರುವುದೆಂದು ಗೊತ್ತಾಯಿತು. ಅದನ್ನು ಕೇಳಿಯೇ ಸಿದ್ದರಾಜುವಿನ ಸೊಂಟ ಚುಳುಕ್ಕೆಂದಿತು. ಸ್ವಲ್ಪ ಎತ್ತರ ಇದ್ದರೆ ನೋಡಲು ಲಕ್ಷಣವಾಗಿರುತ್ತದೆ ಅಲ್ಲವೇ ಎಂದು ಮೆಲ್ಲಗೆ ಹೇಳಿ ನೋಡಿದ. ಅಡುಗೆಮನೆ ನೋಡುವುದಕ್ಕಲ್ಲ ಸರ್, ಮಾಡುವುದಕ್ಕೆ, ಎತ್ತರವಾದರೆ ಮೇಡಂಗೆ ಭುಜ ಹಿಡಿದುಕೊಳ್ಳುತ್ತದೆ ಎಂದಳು ಶಾಲಿನಿ. ಅವಳ ಮಾತಿನಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ.

ಎಲ್ಲರೂ ಹೋದ ಮೇಲೆ ಸಿದ್ದರಾಜು ಹೆಂಡತಿಯ ಮೇಲೆ ಸಣ್ಣಗೆ ಸಿಟ್ಟಾದ. ನೀನಾದರೂ ಬಾಯಿ ಬಿಡಬಹುದಿತ್ತು ಎಂದ. ದೇವಿರಮ್ಮ ಉತ್ತರಪತ್ರಿಕೆಗಳ ಕಟ್ಟು ಬಿಚ್ಚುತ್ತಿದ್ದಳು.

“ಅತ್ತೆ ಇದ್ದಾಗ ನನಗೋಸ್ಕರ ಸುಳ್ಳು ಹೇಳಿದ್ರಿ, ಅದಕ್ಕೆ ಸುಮ್ನಿದ್ದೆ,” ಎಂದಳು. “ಈಗ ಯಾರಿಗೋಸ್ಕರ ಹೇಳ್ತಿದ್ದೀರಿ?”

ಹೇಳುವುದಾದರೆ ನೀವೇ ಹೇಳಬೇಕು, ನಾನು ಹೇಳಿದರೆ ಗಂಡನನ್ನು ಹಳಿದ ಹಾಗೆ ಆಗುತ್ತದೆ ಎಂದು ಅವಳು ಕೆಂಪು ಪೆನ್ನು ತೆಗೆದುಕೊಂಡಳು. ಅವಳದ್ದು ಅಲ್ಲಿಗೆ ಮುಗಿಯಿತು.

ಕೆಲವು ದಿನಕ್ಕೆ ನಕ್ಷೆ ಬಂತು. ಫೋನಿನಲ್ಲಿ ಬಣ್ಣಬಣ್ಣದ ಚಿತ್ರವಾಗಿ ಬಂದ ಆ ಅಡುಗೆಮನೆ ನೋಡಲು ಬಹಳ ಚೆನ್ನಾಗಿತ್ತು. ಸಿದ್ದರಾಜು ಅದನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿಕೊಂಡು, ಮನಸ್ಸಿನಲ್ಲೇ ಒಳಗೆ ಹೋಗಿ ಒಂದು ಸಾರು ಮಾಡಿ ನೋಡಿದ. ಎಲ್ಲ ಕಡೆಯೂ ತೊಡರಿತು. ಮಸಾಲೆ ಡಬ್ಬಿಗಳ ಕಪಾಟು ಬಾಗಿಲ ಹತ್ತಿರ ಇತ್ತು, ಒಲೆ ಆಚೆ ಗೋಡೆಗೆ. ಹೆಚ್ಚುವ ಜಾಗ ಒಂದು ಕಡೆ, ತೊಳೆಯುವ ಸಿಂಕು ಇನ್ನೊಂದು ಕಡೆ, ನಡುವೆ ಒಲೆ. ಇದು ಶಾಲಿನಿಯ ತಪ್ಪಲ್ಲ. ಡಬ್ಬಿಗಳು ಎಲ್ಲಿರಬೇಕು, ರಾಗಿ ಹಿಟ್ಟು ಎಲ್ಲಿ ಕೈಗೆ ಸಿಗಬೇಕು ಎಂದು ಅವಳು ಕೇಳಿದಾಗಲೆಲ್ಲ ದೇವಿರಮ್ಮ ಎಲ್ಲಾದರೂ ಇಡಮ್ಮ ಎಂದಿದ್ದಳು.

ಸಿದ್ದರಾಜು ಶಾಲಿನಿಗೆ ಫೋನು ಮಾಡಿದ. ಡಬ್ಬಿಗಳು ಒಲೆಯ ಬಲಕ್ಕೆ ಬಂದರೆ ಅನುಕೂಲ ಎಂದು ದೇವಿರಮ್ಮ ಹೇಳುತ್ತಿದ್ದಳು ಎಂದ. ಮಾರನೆಯ ದಿನ ಮತ್ತೆ ಮಾಡಿ, ಸಿಂಕಿನ ಪಕ್ಕವೇ ಹೆಚ್ಚುವ ಜಾಗ ಬೇಕೆಂದು ದೇವಿರಮ್ಮನ ಆಸೆ ಎಂದ. ಮುದ್ದೆ ತಿರುವುವುದಕ್ಕೆ ಜಾಗವೇ ಇಲ್ಲವೆಂದು ಅವಳಿಗೆ ಬಹಳ ಚಿಂತೆಯಾಗಿದೆ ಎಂದ. ಶಾಲಿನಿ ದೇವಿರಮ್ಮನಿಗೇ ನೇರವಾಗಿ ಫೋನು ಮಾಡಿದರೆ, ನನಗೇನೂ ಚಿಂತೆ ಇಲ್ಲ ಕಣಮ್ಮ, ಎಲ್ಲ ಸರಿಯಾಗಿದೆ ಎಂದು ಉತ್ತರ ಬಂತು. ಒಬ್ಬಳೇ ಹೆಂಗಸಿಗೆ ಎರಡು ಮನಸ್ಸು ಇರುವುದನ್ನು ನೋಡಿ ಶಾಲಿನಿ ತಲೆ ಕೆರೆದುಕೊಂಡಿರಬೇಕು. ಕಾಗದದ ಮೇಲೆ ಇದು ತೀರ್ಮಾನವಾಗುವುದಿಲ್ಲ, ಭಾನುವಾರ ಬರುತ್ತೇನೆ, ತಾರಸಿಯ ಮೇಲೆ ಅಡುಗೆಮನೆಯನ್ನು ಪೂರಾ ಅಳತೆಯಲ್ಲಿ ಸೀಮೆಸುಣ್ಣದಲ್ಲಿ ಬರೆಯುತ್ತೇನೆ, ಮೇಡಂ ಅದರೊಳಗೆ ಓಡಾಡಿ ನೋಡಲಿ ಎಂದಳು.

ಭಾನುವಾರ ಬೆಳಿಗ್ಗೆ ಬಿಸಿಲು ಇನ್ನೂ ಹಿತವಾಗಿತ್ತು. ಗಣಿತದ ಟೀಚರ ಮನೆಯಲ್ಲಿ ಸೀಮೆಸುಣ್ಣಕ್ಕೆ ಬರವಿಲ್ಲ. ಟೇಪಿನ ಒಂದು ತುದಿಯನ್ನು ಸಿದ್ದರಾಜು ಹಿಡಿದ, ಇನ್ನೊಂದನ್ನು ಶಾಲಿನಿ ಹಿಡಿದಳು. ಗೋಡೆಗಳು ಬಂದವು, ಬಾಗಿಲು ಬಂತು, ಕಿಟಕಿ ಬಂತು. ಹಳೆಯ ಟೀಪಾಯಿಗಳನ್ನೂ ರಟ್ಟಿನ ಪೆಟ್ಟಿಗೆಗಳನ್ನೂ ಜೋಡಿಸಿ ದೇವಿರಮ್ಮನ ಅಳತೆಗೆ ಕಟ್ಟೆ ಮಾಡಿದರು. ಬೋರಲು ಹಾಕಿದ ಬಕೀಟು ಸಿಂಕಾಯಿತು. ಇಟ್ಟಿಗೆಗಳು ಒಲೆಯಾದವು. ಟೀವಿಯ ಖಾಲಿ ಪೆಟ್ಟಿಗೆ ಫ್ರಿಜ್ಜಾಗಿ ನಿಂತಿತು. ಮಂಜುಳಮ್ಮ ಈ ತಮಾಷೆ ತಪ್ಪಿಸಿಕೊಳ್ಳಬಾರದೆಂದು ಬೆಳಿಗ್ಗೆಯೇ ಬಂದು, ನೀರಿನ ಟ್ಯಾಂಕಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಬೀಸಣಿಗೆ ಬೀಸಿಕೊಳ್ಳುತ್ತಿದ್ದಳು. ಪಕ್ಕದ ತಾರಸಿಯಲ್ಲಿ ಮೆಣಸಿನಕಾಯಿ ಒಣಗಲು ಹಾಕುತ್ತಿದ್ದ ಸುಮಾ ಕೆಲಸ ನಿಲ್ಲಿಸಿ ತಾರಸಿಯ ಅಡ್ಡಗೋಡೆಗೆ ಒರಗಿ ನಿಂತಳು.

“ಮೇಡಂ, ದಿನಾ ಮಾಡೋ ಅಡುಗೆನೇ ಮಾಡಿ,” ಎಂದಳು ಶಾಲಿನಿ. “ಮುದ್ದೆ, ಬಸ್ಸಾರು. ಯಾವ್ದನ್ನ ಎಲ್ಲಿಂದ ತಗೋತೀರಿ, ಎಲ್ಲಿ ಇಡ್ತೀರಿ, ಬಾಯಲ್ಲಿ ಹೇಳ್ತಾ ಮಾಡಿ.”

ದೇವಿರಮ್ಮ ಸೆರಗು ಸಿಕ್ಕಿಸಿಕೊಂಡು ಬಾಗಿಲಿನಿಂದ ಒಳಗೆ ಹೋದಳು. ಒಂದು ಸಲ ಗಂಡನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ಸರಿ ಎಂದು ಅವಳು ಫ್ರಿಜ್ಜಿನಿಂದ ಸೊಪ್ಪು ತೆಗೆದು ಸೀದಾ ಒಲೆಯ ಹತ್ತಿರ ಹೋದಳು. ಸೊಪ್ಪು ತೊಳೆಯುವುದಿಲ್ಲವಾ ಮೇಡಂ ಎಂದು ಶಾಲಿನಿ ಕೇಳಿದ್ದಕ್ಕೆ ತೊಳೆದದ್ದನ್ನೇ ತಂದಿದ್ದೇವೆ ಎಂದಳು. ಬಾಣಲೆಗೆ ಎಣ್ಣೆ ಬಿಟ್ಟಳು, ಸಾಸಿವೆ ಹಾಕಿದಳು, ಮೇಲೆ ಇಡೀ ಸೊಪ್ಪು ಸುರಿದಳು, ಬೇಳೆ ಸುರಿದಳು, ಒಂದು ಚೊಂಬು ನೀರು ಹೊಯ್ದಳು, ಬಸ್ಸಾರಾಯಿತು ಎಂದಳು. ಮಂಜುಳಮ್ಮನ ಬೀಸಣಿಗೆ ನಿಂತಿತು. ಬಸಿಯದೆ ಅದೆಂಥ ಬಸ್ಸಾರು ಎಂದು ಅವಳು ಸುಮಾಳ ಕಡೆ ತಿರುಗಿ ಕೇಳಿದಳು. ಸುಮಾಳಿಗೂ ಗೊತ್ತಿರಲಿಲ್ಲ.

ಆಮೇಲೆ ದೇವಿರಮ್ಮ ಮುದ್ದೆಗೆ ಎಸರಿಟ್ಟಳು. ಹಿಟ್ಟು ಸುರಿದಳು. ಸುರಿದು, ಪಾತ್ರೆಯನ್ನು ನೆಲಕ್ಕಿಳಿಸದೆ ಒಲೆಯ ಮೇಲೇ ಇಟ್ಟುಕೊಂಡು, ಕೈಯನ್ನು ಮೇಲೆತ್ತಿ ಪಾಯಸ ಕದಡುವವಳ ಹಾಗೆ ಮೆಲ್ಲಗೆ ತಿರುಗಿಸತೊಡಗಿದಳು.

ಸಿದ್ದರಾಜುವಿಗೆ ತಡೆಯಲಾಗಲಿಲ್ಲ. ಕಾರ್ಖಾನೆಯಲ್ಲಿ ಹೊಸಬ ಯಾರಾದರೂ ಲೇತಿನ ಟೂಲನ್ನು ಕಬ್ಬಿಣಕ್ಕೆ ಅಡ್ಡಾದಿಡ್ಡಿ ತಾಗಿಸಿದಾಗ ಮೈಯೆಲ್ಲ ಹಿಂಡಿದಂತಾಗುತ್ತಿತ್ತಲ್ಲ, ಹಾಗಾಯಿತು. ಇಲ್ಲದ ಮುದ್ದೆ ಗಂಟು ಗಂಟಾಗುತ್ತಿರುವುದು ಅವನ ಕಣ್ಣಿಗೆ ಕಂಡಿತು.

“ಅಂಗಲ್ಲ ಅದು, ಬುಡು ಇತ್ಲಾಗೆ,” ಎಂದವನೇ ಟೇಪು ಕೆಳಗೆ ಹಾಕಿ, ಬಾಗಿಲಿಗೂ ಹೋಗದೆ ಗೋಡೆ ದಾಟಿ ಒಳಗೆ ಬಂದ.

ಬಂದವನು ಮೊದಲಿಂದ ಶುರುಮಾಡಿದ. ಫ್ರಿಜ್ಜಿನಿಂದ ಸೊಪ್ಪು ತೆಗೆದು, ಬಕೀಟಿನ ಮುಂದೆ ನಿಂತು ಬುಡ ಮುರಿದು ತೊಳೆದ, ತೊಳೆದು ಜಾಡಿಸಿದ, ಪಕ್ಕದಲ್ಲೇ ಮಣೆ ಇಟ್ಟುಕೊಂಡು ಹೆಚ್ಚಿದ. ಬೇಳೆ ಅರೆಬೆಂದ ಮೇಲೆ ಸೊಪ್ಪು ಹಾಕಿದ. ಅದು ಬೇಯುವಷ್ಟರಲ್ಲಿ ಉರಿಯ ಮೇಲೆ ಜಾಲರಿ ಇಟ್ಟು ಈರುಳ್ಳಿಯನ್ನೂ ಬೆಳ್ಳುಳ್ಳಿಯನ್ನೂ ಸಿಪ್ಪೆ ಸಮೇತ ಸುಟ್ಟ. ಬೆರಳು ಚುರುಕ್ಕೆಂದು ಕಿವಿ ಮುಟ್ಟಿಕೊಂಡ. ಬೇಳೆ, ಸೊಪ್ಪು ಬೆಂದ ಕಟ್ಟನ್ನು ಬೇರೆ ಪಾತ್ರೆಗೆ ಬಸಿದ. ಜೀರಿಗೆ, ಮೆಣಸು, ಒಣಮೆಣಸಿನಕಾಯಿ, ಕಾಯಿತುರಿ, ಒಂದು ಹಿಡಿ ಬೆಂದ ಬೇಳೆ ಎಲ್ಲ ಮಿಕ್ಸಿಗೆ ಹಾಕಿದ. ಬಲಗೈ ಚಾಚಿದಾಗ ಡಬ್ಬಿ ಸಿಗದೆ ಬಾಗಿಲಿನವರೆಗೂ ನಡೆದು ಬಂದು, ನೋಡಮ್ಮ ಇದಕ್ಕೇ ನಾನು ಹೇಳಿದ್ದು ಎಂದು ಶಾಲಿನಿಗೆ ಗೊಣಗಿದ. ಸಾರು ಕುದಿಯಲು ಬಿಟ್ಟು ಮುದ್ದೆಗೆ ಬಂದ. ಬೆಂದ ಹಿಟ್ಟಿನ ಪಾತ್ರೆಯನ್ನು ನೆಲಕ್ಕಿಳಿಸಿ, ಅದು ಅಲುಗದಂತೆ ಕವೆಗೋಲು ಕೊಟ್ಟು ಕಾಲಲ್ಲಿ ಅದುಮಿ ಹಿಡಿದು, ಇಡೀ ಮೈಭಾರ ತೋಳಿಗೆ ತಂದು ಕೋಲಿನಲ್ಲಿ ತಿರುವಿದ. ನೆತ್ತಿಯ ಮೇಲೆ ಬೆವರು ಬಂತು. ಕೈಗೆ ನೀರು ಮುಟ್ಟಿಸಿಕೊಂಡು ಉಂಡೆ ಕಟ್ಟಿದ. ಕಡೆಗೆ ಸಾರಿಗೆ ಇಂಗಿನ ಒಗ್ಗರಣೆ ಕೊಟ್ಟು, ಘಮ ಹೋಗದಂತೆ ತಟಕ್ಕನೆ ಮುಚ್ಚಿ, ಹೆಗಲ ಮೇಲಿನ ಟವೆಲಿನಿಂದ ಕಟ್ಟೆ ಒರೆಸಿದ.

ಒರೆಸಿ ಮುಗಿಸಿ ತಲೆ ಎತ್ತಿದ. ದೇವಿರಮ್ಮ ಗೆರೆಯಾಚೆ ಕೈಕಟ್ಟಿ ನಿಂತು, ಕಡೆಯ ಬೆಂಚಿನ ಹುಡುಗ ಲೆಕ್ಕ ಬಿಡಿಸಿದ್ದನ್ನು ನೋಡಿದವಳಂತೆ ಮುಖವರಳಿಸಿದ್ದಳು. ಶಾಲಿನಿ ಅವನ ಬೆನ್ನನ್ನೇ ನೋಡುತ್ತಿದ್ದಳು. ಕೆಳಗೆ ಬಿದ್ದಿದ್ದ ಟೇಪು ಎತ್ತಿಕೊಂಡು ಬಂದಳು.

“ಸರ್, ಸ್ವಲ್ಪ ನೆಟ್ಟಗೆ ನಿಂತ್ಕೊಳ್ಳಿ,” ಎಂದಳು. “ಮೊಣಕೈ ಅಳತೆ ತಗೋಬೇಕು.”

ಅವನು ನೆಟ್ಟಗೆ ನಿಂತ. ನಿಂತು ಅಕ್ಕನ ಕಡೆ ನೋಡಲಾರದೆ ಟ್ಯಾಂಕಿನ ಕಡೆ ನೋಡಿದ.

ಮಂಜುಳಮ್ಮ ಎದ್ದು ಬಂದಳು. ಅವಳ ಮೊದಲ ಸಿಟ್ಟು ದೇವಿರಮ್ಮನ ಮೇಲೆ. ಬಸ್ಸಾರಿಗೆ ಏನು ಹಾಕುತ್ತೀಯ ಎಂದು ತಾನು ಕೇಳಿದ್ದು ಒಂದೆರಡು ಸಲವಲ್ಲ. ಒಮ್ಮೆ ಹುರಿಗಡಲೆ ಅಂದಳು, ಹಾಕಿದ್ದಾಯಿತು. ಇನ್ನೊಮ್ಮೆ ಟೊಮೇಟೊ ಅಂದಳು, ಅದನ್ನೂ ಹಾಕಿದ್ದಾಯಿತು. ಬೆಲ್ಲ ಅಂದ ದಿನವಂತೂ ಯಜಮಾನರು ತಟ್ಟೆ ಸರಿಸಿ ಎದ್ದುಹೋಗಿದ್ದರು.

“ನಂಗೆ ಗೊತ್ತಿದ್ರೆ ತಾನೆ ಅತ್ತಿಗೆ,” ಎಂದಳು ದೇವಿರಮ್ಮ. “ನೀವು ಕೇಳ್ದಾಗ ಬಾಯಿಗೆ ಬಂದದ್ದು ಹೇಳ್ತಿದ್ದೆ. ಆ ಬೆಲ್ಲದ್ದು ಮಾತ್ರ ತಪ್ಪಾಯ್ತು.”

ಶಾಲಿನಿ ಬೇರೆ ಕಡೆ ತಿರುಗಿ ಟೇಪು ಸುತ್ತತೊಡಗಿದಳು. ಮಂಜುಳಮ್ಮನಿಗೂ ನಗು ಬಂತು, ಆದರೆ ಬಂದ ನಗು ಅರ್ಧದಲ್ಲೇ ಕೆಟ್ಟಿತು. ಅವಳು ಸೀಮೆಸುಣ್ಣದ ಅಡುಗೆಮನೆಯೊಳಗೆ ಬಂದು ಟೀಪಾಯಿಯ ಮೇಲೆ ಕೂತಳು. ಅಕ್ಕ ಬೈಯುತ್ತಾಳೆ, ಗಂಡಸಾಗಿ ಹಿಂಗಾ ಎನ್ನುತ್ತಾಳೆ ಎಂದು ಸಿದ್ದರಾಜು ಕಾದ. ಅವಳು ಬೈಯಲಿಲ್ಲ.

“ಈರುಳ್ಳಿ ಸುಡ್ತಿತ್ತು ಅವ್ವ, ಕೆಂಡದಾಗೆ. ಈಗ ನೀನು ಸುಟ್ಟಾಗ ಗ್ಯಾಪ್ಕ ಬಂತು,” ಎಂದಳು. “ನಾನು ಮದ್ವೆಯಾಗಿ ಬಂದಾಗ ನಂಗೆ ಇನ್ನೂ ಏನೂ ಬರ್ತಿರ್ಲಿಲ್ಲ ಕಣೋ ಸಿದ್ದ. ಇವತ್ತು ಕಲಿಯೋಣ, ನಾಳೆ ಕಲಿಯೋಣ ಅನ್ನೋದ್ರೊಳ್ಗೆ ಅವ್ವ ಹೋಯ್ತು. ಎಲ್ಲಿಂದ್ಲೋ ಬಂದ ಇವ್ಳಿಗೆ ಅವ್ವನ ಕೈ ರುಚಿ ಬಂತಲ್ಲ, ಹೊಟ್ಟೇಲಿ ಹುಟ್ಟಿದ ನನಗೆ ಯಾಕೆ ಬರ್ಲಿಲ್ಲ ಅಂತ ಉಂಡಾಗೆಲ್ಲ ಅನ್ನುಸ್ತಿತ್ತು. ಹೊಗಳ್ತಿದ್ದೆ, ಒಳಗೊಳಗೆ ಉರ್ಕೊಳ್ತಿದ್ದೆ.”

ಸಿದ್ದರಾಜುವಿಗೆ ಇದು ಹೊಸದು. ತನ್ನ ನಾಚಿಕೆಯನ್ನು ಕಾಪಾಡಿಕೊಳ್ಳುತ್ತ ಕೂತಿದ್ದವನಿಗೆ ಅಕ್ಕನ ಎದೆಯಲ್ಲಿ ಇಂಥದ್ದೊಂದು ಇರಬಹುದು ಎಂದು ಎಂದೂ ತೋರಿರಲಿಲ್ಲ. ಅವನು ಅವಳ ಪಕ್ಕದಲ್ಲಿ, ರಟ್ಟಿನ ಪೆಟ್ಟಿಗೆಯ ಮೇಲೆ ಹುಷಾರಾಗಿ ಕೂತ.

“ಕೇಳಿದ್ರೆ ಹೇಳ್ತಿದ್ದೆ ಅಕ್ಕ.”

“ಯಾರ್ನ ಕೇಳ್ಬೇಕು ಅಂತ ಗೊತ್ತಾಗ್ಬೇಕಲ್ಲ.”

ಆಮೇಲೆ ಮಂಜುಳಮ್ಮ ಮೂಗು ಒರೆಸಿಕೊಂಡು, ಇನ್ನೊಂದು ಸಲ ಮೊದಲಿಂದ ಮಾಡು, ಮೆಲ್ಲಗೆ ಮಾಡು ಎಂದಳು. ಅವನು ಎದ್ದು ಮತ್ತೆ ಸೊಪ್ಪು ತೊಳೆದ. ಈ ಸಲ ಅವಳು ನಡುನಡುವೆ ತಡೆದು, ಜೀರಿಗೆ ಎಷ್ಟು, ಬೇಳೆ ಎಷ್ಟು ಬೇಯಬೇಕು ಎಂದು ಕೇಳುತ್ತ ಹೋದಳು. ಪಕ್ಕದ ತಾರಸಿಯಿಂದ ಸುಮಾ ಇನ್ನು ತಡೆಯಲಾರದೆ, ಏನು ಮಂಜುಳಮ್ಮನೋರೆ ಅದು, ಅಣ್ಣ ಗಾಳೀಲಿ ಏನು ಮಾಡ್ತಿದ್ದಾರೆ ಎಂದು ಕೇಳಿದಳು.

“ನಮ್ ತಮ್ಮ ಅಡುಗೆ ಮಾಡ್ತಾವ್ನೆ ಕಣಮ್ಮ,” ಎಂದಳು ಮಂಜುಳಮ್ಮ, ಬೀದಿಗೆಲ್ಲ ಕೇಳುವಂತೆ. “ಅವನೇ ಮಾಡೋದು. ಮೊದ್ಲಿಂದ್ಲೂ.”

ಆ ಮಾತು ಹೊರಬಿದ್ದ ಮೇಲೆ ಸಿದ್ದರಾಜು ಏನಾಗುತ್ತದೋ ಎಂದು ಬೀದಿಯ ಕಡೆ ನೋಡಿದ. ಏನೂ ಆಗಲಿಲ್ಲ. ಸುಮಾ ಹೌದಾ ಎಂದು, ತಮ್ಮ ಮನೆಯಲ್ಲಿ ಮುದ್ದೆ ಯಾಕೋ ಗಂಟಾಗುತ್ತದೆ, ಅದಕ್ಕೇನು ಮಾಡಬೇಕು ಎಂದು ಅವನನ್ನೇ ಕೇಳಿದಳು.

ಅಂದು ಮಧ್ಯಾಹ್ನ ಕೆಳಗಿನ ಹಳೆಯ ಅಡುಗೆಮನೆಯಲ್ಲಿ ನಿಜವಾದ ಮುದ್ದೆ, ನಿಜವಾದ ಬಸ್ಸಾರು ಆಯಿತು. ಮಂಜುಳಮ್ಮ ಪಕ್ಕದಲ್ಲೇ ನಿಂತು ಈರುಳ್ಳಿ ಸುಟ್ಟಳು. ಶಾಲಿನಿ ಉಂಡು, ಬೆರಳು ನೆಕ್ಕಿ, ಹಳೆಯ ನಕ್ಷೆಯನ್ನು ಅಲ್ಲೇ ಅಳಿಸಿದಳು. ಈಗ ಪ್ರಶ್ನೆ ಕೇಳಿದ ಕೂಡಲೇ ಉತ್ತರ ಬರುತ್ತಿತ್ತು. ಫ್ರಿಜ್ಜು ಬಾಗಿಲ ಪಕ್ಕ, ಅಲ್ಲಿಂದ ಸಿಂಕು, ಸಿಂಕಿನಿಂದ ಹೆಚ್ಚುವ ಜಾಗ, ಅಲ್ಲಿಂದ ಒಲೆ. ಕೆಲಸ ಹೇಗೆ ಸಾಗುತ್ತದೋ ಕಟ್ಟೆಯೂ ಹಾಗೇ ಸಾಗಲಿ ಎಂದಳು. ಡಬ್ಬಿಗಳಿಗೆ ಒಲೆಯ ಬಲಕ್ಕೆ ಎಳೆಯುವ ಖಾನೆ. ಒಲೆ ಮಂಜುಳಮ್ಮ ಹೇಳಿದ ಮೂಲೆಯಲ್ಲೇ, ಆದರೆ ಕಿಟಕಿಯ ಗಾಳಿಯಿಂದ ಈಚೆಗೆ. ಹೆಚ್ಚುವುದಕ್ಕೆ ಕಟ್ಟೆ ಸಿದ್ದರಾಜುವಿನ ಎತ್ತರಕ್ಕೆ ಇರಬೇಕು. ಆದರೆ ಮುದ್ದೆ ತಿರುವುವುದಕ್ಕೆ ಮೈಭಾರ ಮೇಲಿಂದ ಬೀಳಬೇಕಲ್ಲ, ಅದಕ್ಕೆ ಒಲೆಯ ಪಕ್ಕ ಮೊಳಕಾಲೆತ್ತರದ ಒಂದು ಗಟ್ಟಿ ಕಲ್ಲು ಹಾಕೋಣ, ಪಾತ್ರೆ ಅಲುಗದಂತೆ ಅದರಲ್ಲಿ ಒಂದು ಕುಳಿ ತೋಡಿಸೋಣ ಎಂದಳು. ಆ ಕುಳಿಯ ಯೋಚನೆ ಸಿದ್ದರಾಜುವಿಗೆ ಎಷ್ಟು ಹಿಡಿಸಿತೆಂದರೆ ಕವೆಗೋಲು ಹಿಡಿದು ಕಳೆದ ವರ್ಷಗಳೆಲ್ಲ ವ್ಯರ್ಥವೆನಿಸಿದವು.

ಮೇಡಂ, ನಿಮಗೆ ಏನು ಬೇಕು ಎಂದು ಶಾಲಿನಿ ಕಡೆಗೆ ಕೇಳಿದಳು. ದೇವಿರಮ್ಮ ಆಗಲೇ ಯೋಚಿಸಿಟ್ಟಿದ್ದಳು. ಬೆಳಗಿನ ಕಾಫಿ ಒಂದು ತಾನು ಮಾಡುವುದು, ಅದಕ್ಕೆ ತನ್ನ ಎತ್ತರದ್ದೊಂದು ಮೂಲೆ, ಫಿಲ್ಟರಿಗೆ ಒಂದು ಗೂಡು. ಅದರ ಪಕ್ಕ ಕಿಟಕಿಯ ಬೆಳಕಿಗೆ ಒಂದು ಮೇಜು, ಕುರ್ಚಿ. ಅವರು ಒಗ್ಗರಣೆ ಹಾಕುವಾಗ ನಾನು ಅಲ್ಲಿ ಕೂತು ಪೇಪರು ತಿದ್ದುತ್ತೇನೆ, ಇಷ್ಟು ದಿನ ಬಾಗಿಲಲ್ಲಿ ನಿಂತೇ ಮಾತಾಡಿದ್ದು ಸಾಕಾಗಿದೆ ಎಂದಳು.

ಕೆಲಸ ಶುರುವಾಯಿತು. ಹಳೆಯ ಕಟ್ಟೆ ಒಡೆದು, ಧೂಳು ಹಾಲಿಗೆಲ್ಲ ತುಂಬಿ, ಮನೆ ಕೆಲವು ವಾರ ಮನೆಯಂತಿರಲಿಲ್ಲ. ಬಡಗಿ ಶಿವಕಿರಣ್ ನಕ್ಷೆ ನೋಡಿ, ಒಂದೇ ಅಡುಗೆಮನೆಯಲ್ಲಿ ಎತ್ತರದ್ದೊಂದು, ಗಿಡ್ಡದ್ದೊಂದು, ತೀರಾ ನೆಲಕ್ಕೊಂದು ಬಂದಿದೆಯಲ್ಲ, ಅಳತೆ ತಪ್ಪಿರಬೇಕು ಎಂದು ಶಾಲಿನಿಗೆ ಫೋನು ಮಾಡಿ ವಿಚಾರಿಸಿದ. ಆ ದಿನಗಳಲ್ಲಿ ಲಷ್ಕರ್ ಮೊಹಲ್ಲಾದಿಂದ ಕ್ಯಾರಿಯರಿನಲ್ಲಿ ಊಟ ಬರುತ್ತಿತ್ತು. ಮೊದಲ ಸಲ ಬಸ್ಸಾರು ಕಳಿಸಿದ ದಿನ ಮಂಜುಳಮ್ಮ ಹಿಂದೆಯೇ ಫೋನು ಮಾಡಿ, ಉಂಡೆಯಾ, ಹೆಂಗಿತ್ತು ಎಂದು ಕೇಳಿದಳು. ಹತ್ತಿರ ಬಂದಿದೆ ಅಕ್ಕ, ಬೆಳ್ಳುಳ್ಳಿ ಇನ್ನೂ ಸ್ವಲ್ಪ ಸುಡಬೇಕು ಎಂದ ಸಿದ್ದರಾಜು. ಎಷ್ಟು ಸುಡಬೇಕು ಎಂಬುದರ ಮೇಲೆ ಇಬ್ಬರೂ ಬಹಳ ಹೊತ್ತು ವಾದ ಮಾಡಿದರು. ಅವ್ವನ ಮಾತು ಅವರಿಬ್ಬರ ನಡುವೆ ಅಷ್ಟೊಂದು ಬಂದದ್ದು ಎಷ್ಟೋ ವರ್ಷಗಳ ಮೇಲೆ.

ಹಾಲುಕ್ಕಿಸುವ ದಿನ ನೆಂಟರು, ಕಾರ್ಖಾನೆಯ ಹಳೆಯ ಗೆಳೆಯರು, ಬೀದಿಯವರು ಬಂದರು. ಸಿದ್ದರಾಜು ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತು ಅಡುಗೆ ಮಾಡಿದ, ತಾನೇ ಬಡಿಸಿದ. ಒಂದಿಬ್ಬರು ಗೆಳೆಯರು ತಮಾಷೆ ಮಾಡಿದರು. ಎರಡನೆಯ ಮುದ್ದೆ ಹಾಕಿಸಿಕೊಳ್ಳುವಾಗ ಅವರ ತಮಾಷೆ ನಿಂತಿತು.

ಎಲ್ಲರೂ ಹೋದ ಮೇಲೆ ದೇವಿರಮ್ಮ ಪಾತ್ರೆ ತೊಳೆಯಲು ಹೊರಟಳು. ಅದು ಯಾವತ್ತೂ ಅವಳ ಪಾಲಿನ ಕೆಲಸ. ಅಡುಗೆ ಮಾಡಿದವರು ತೊಳೆಯುವುದು ಬೇಡ ಎಂದು ಮದುವೆಯಾದ ಹೊಸದರಲ್ಲೇ ಮಾಡಿಕೊಂಡ ಒಪ್ಪಂದ. ಸಿಂಕಿನ ಮುಂದೆ ನಿಂತು ಕೈ ಚಾಚಿದಳು. ಸಿಂಕು ಇದ್ದದ್ದು ಸಿದ್ದರಾಜುವಿನ ಎತ್ತರದ ಕಟ್ಟೆಯಲ್ಲಿ. ಅವಳ ಗಲ್ಲ ಅದರ ಅಂಚಿಗೆ ಬಂದಂತೆ ಕಂಡಿತು. ನಲ್ಲಿ ತಿರುಗಿಸಿದರೆ ನೀರು ಮೊಣಕೈಯಿಂದ ಇಳಿದು ರವಿಕೆ ತೋಯಿಸಿತು. ಯಾರು ಅಡುಗೆ ಮಾಡುತ್ತಾರೆ, ಯಾರು ಕಾಫಿ ಮಾಡುತ್ತಾರೆ ಎಂದು ಅಷ್ಟೆಲ್ಲ ಮಾತಾಡಿದವರು ಪಾತ್ರೆ ಯಾರು ತೊಳೆಯುತ್ತಾರೆ ಎಂದು ಒಬ್ಬರೂ ಕೇಳಿರಲಿಲ್ಲ.

ಶಾಲಿನಿ ಇನ್ನೂ ಅಲ್ಲೇ ಇದ್ದಳು. ಅವಳು ಪೆಚ್ಚಾಗಿ, ನಿಲ್ಲಲು ಒಂದು ಎತ್ತರದ ಮಣೆ ಮಾಡಿಸಿಕೊಡುತ್ತೇನೆ ಮೇಡಂ, ನಾಳೆಯೇ ಶಿವಕಿರಣ್‌ಗೆ ಹೇಳುತ್ತೇನೆ ಎಂದಳು.

“ಏನೂ ಬೇಡ ಬಿಡಮ್ಮ,” ಎಂದಳು ದೇವಿರಮ್ಮ. “ಹಿಂಗೇ ಚೆನ್ನಾಗಿದೆ.”

ಅವಳು ಕೈ ಒರೆಸಿಕೊಂಡು ಕಿಟಕಿಯ ಪಕ್ಕದ ತನ್ನ ಕುರ್ಚಿಯಲ್ಲಿ ಹೋಗಿ ಕೂತಳು. ಕೂತು, ಹೊರಗಿನ ನುಗ್ಗೆಮರವನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದಳು. ಲೆಕ್ಕದಲ್ಲಿ ಅಷ್ಟು ಗಟ್ಟಿಗಿತ್ತಿಯಾದ ಹೆಂಗಸಿಗೆ ಇದು ಮೊದಲೇ ತೋಚಿರಲಿಲ್ಲವೇ ಎಂದು ಸಿದ್ದರಾಜುವಿಗೆ ಅನುಮಾನ ಬಂತು. ಕೇಳಲು ಹೋಗಲಿಲ್ಲ. ತೋಳು ಮಡಿಚಿಕೊಂಡು, ತನ್ನ ಅಳತೆಗೆ ಸರಿಯಾಗಿ ಕೂತಿದ್ದ ಸಿಂಕಿನ ಮುಂದೆ ನೆಟ್ಟಗೆ ನಿಂತು, ಮೊದಲ ತಟ್ಟೆ ಎತ್ತಿಕೊಂಡ.